ಕುತ್ಮಾನನ ಗುಲಾಬಿ ಮಾತ್ರೆ

“ಇವತ್ತೂ ಚೆರ್ರಿ ಇಲ್ವಾ?”

ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಏಳು ವರ್ಷದ ಕುತ್ಮಾನ್ ಕೇಳಿದ್ದು ನರ್ಸನ್ನು. ನರ್ಸು “ಯಾವ ಚೆರ್ರಿನೋ ನಿಂದು, ಮೊದ್ಲು ಗಂಜಿ ಕುಡಿ” ಎಂದು ಗದರಿಸಿ ಪಕ್ಕದ ಮಂಚಕ್ಕೆ ಹೋದಳು. ಸ್ಟೂಲಿನ ಮೇಲೆ ಕುಳಿತಿದ್ದ ಪೊಲೀಸ್ ಕ್ಯಾಪ್ಟನ್ ಬುರುಲ್ಚಾ ಮಾತ್ರ ಆ ಮಾತನ್ನು ಹಾಗೆ ಹೋಗಲು ಬಿಡಲಿಲ್ಲ.

ಈ ಹುಡುಗನನ್ನು ಕೊಟ್ಟಿಗೆಯ ತಗಡಿನ ಮಾಡಿನಿಂದ ತಳ್ಳಿದನೆಂದು ಅವನ ಚಿಕ್ಕಪ್ಪ ಜೆನಿಶನನ್ನು ಲಾಕಪ್ಪಿಗೆ ನೂಕಿದ್ದವಳು ಅವಳೇ. ಇವತ್ತು ಸಂಜೆ ವ್ಯಾನು ಬಂದು ಜೆನಿಶನನ್ನು ತಲಾಸ್ ಪಟ್ಟಣದ ಜೈಲಿಗೆ ಒಯ್ಯಲಿತ್ತು. ಅದಕ್ಕೆ ಮುಂಚೆ ಹುಡುಗನ ಬಾಯಿಂದ ಎರಡು ಮಾತು ಕೇಳಿಕೊಂಡರೆ ಪ್ರಕರಣ ಮುಗಿದಂತೆ ಎಂದುಕೊಂಡು ಬಂದಿದ್ದಳು.

“ಯಾವ ಚೆರ್ರಿ ಮರಿ?”

“ಗುಲಾಬಿ ಬಣ್ಣದ್ದು, ಅಗಿಯೋದು. ಮಾತ್ರೆ ಅಂತಾರೆ. ಆದ್ರೆ ಮಿಠಾಯಿ ಥರಾನೇ ಇರುತ್ತೆ.”

“ಯಾರು ಕೊಡ್ತಿದ್ರು?”

“ಅಮ್ಮ. ಮಲಗೋ ಮುಂಚೆ. ಒಕ್ಕಣೆ ಧೂಳು ಎದ್ರೆ ನಂಗೆ ಸೀನು ಬರುತ್ತೆ, ಎದೆ ಸುಯ್ ಸುಯ್ ಅನ್ನುತ್ತೆ. ಅದಕ್ಕೆ.”

ಹುಡುಗ ನರ್ಸಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ನಿಮ್ಗೊಂದು ಗುಟ್ಟು ಹೇಳ್ಲಾ? ಎಲ್ಲಾ ಮಕ್ಕಳಿಗೂ ಒಂದೇ ಸಿಗೋದು. ನಂಗೆ ಎರಡು. ಒಂದು ಅಮ್ಮಂದು, ಒಂದು ಅತ್ತಿಗೇದು. ಅತ್ತಿಗೆ ಹಾಲು ಕರೆಯೋಕೆ ಬಂದಾಗ ಕೊಟ್ಟಿಗೇಲಿ ಕೊಡ್ತಾಳೆ. ಅಮ್ಮಂಗೆ ಹೇಳ್ಬಾರ್ದು.”

ಬುರುಲ್ಚಾ ಕೈಯಲ್ಲಿದ್ದ ಟೋಪಿಯನ್ನು ಮಂಚದ ಮೇಲಿಟ್ಟಳು.

ಕುತ್ಮಾನನ ಬಾಯಲ್ಲಿ ‘ಅಮ್ಮ’ ಎಂದರೆ ಅಜ್ಜಿ ಜಿಪಾರ್, ಜೆನಿಶನ ತಾಯಿ. ‘ಅತ್ತಿಗೆ’ ಎಂದರೆ ಅವನನ್ನು ಹೆತ್ತ ಮೇರಿಮ್. ಮಗನ ಚೊಚ್ಚಲ ಮಗುವನ್ನು ಅಜ್ಜಿ ತನ್ನ ಕೊನೆಯ ಮಗನೆಂದು ಮಡಿಲಿಗೆ ಹಾಕಿಕೊಳ್ಳುವುದು ಈ ಕಣಿವೆಯಲ್ಲಿ ಹೊಸದಲ್ಲ. ಆಮೇಲೆ ಹೆತ್ತವಳು ಹಿರಿಯರ ಎದುರು ಆ ಮಗುವನ್ನು ಮುದ್ದು ಮಾಡುವ ಹಾಗಿಲ್ಲ, ಅದು ಬಿದ್ದರೂ ಓಡಿಹೋಗಿ ಎತ್ತುವ ಹಾಗಿಲ್ಲ. ಬುರುಲ್ಚಾ ಕೂಡ ಹಾಗೆಯೇ ಬೆಳೆದವಳು. ಅವಳ ತಾಯಿ ಮಗಳ ಬಾಯಲ್ಲಿ ಅತ್ತಿಗೆಯಾಗಿಯೇ ಇದ್ದು, ಅತ್ತಿಗೆಯಾಗಿಯೇ ಮಣ್ಣಿಗೆ ಹೋಗಿದ್ದಳು.

“ನೀನು ಇಲ್ಲಿ ಚೆನ್ನಾಗಿ ನಿದ್ದೆ ಮಾಡ್ತೀಯಂತೆ?”

“ಹ್ಞೂಂ. ಇಲ್ಲಿ ಅವನು ಬರಲ್ಲ.”

“ಯಾರು?”

“ಕಾಲ ಹತ್ರ ನಿಲ್ತಾನಲ್ಲ, ಮುಖ ಇಲ್ದೋನು.”

ಊರವರು ಹೇಳಿದ್ದೂ ಇದನ್ನೇ. ಹುಡುಗ ರಾತ್ರಿ ಎದ್ದು ಕಿರುಚುತ್ತಾನೆ, ಯಾರೋ ನಿಂತಿದ್ದಾರೆ ಅನ್ನುತ್ತಾನೆ, ಹಗಲು ಶಾಲೆಯಲ್ಲಿ ಜತೆಯ ಮಕ್ಕಳನ್ನು ಕಚ್ಚುತ್ತಾನೆ, ಮೂಲೆ ಹಿಡಿದು ಕೂತು ‘ನಾನು ಸತ್ತೋಗ್ತೀನಿ’ ಅನ್ನುತ್ತಾನೆ. ಇದನ್ನೆಲ್ಲ ಕೇಳಿದ ಬುರುಲ್ಚಾ ಒಂದೇ ಏಟಿಗೆ ಲೆಕ್ಕ ಹಾಕಿದ್ದಳು. ಮನೆಯಲ್ಲಿ ಒಬ್ಬ ಮುಂಗೋಪಿ ಚಿಕ್ಕಪ್ಪ. ಹುಡುಗನ ತೋಳಿನಲ್ಲಿ ಬೆರಳಿನ ಗುರುತು. ಇನ್ನೇನು ಬೇಕು?

“ಅವನು ಜೆನಿಶಣ್ಣನಾ?”

ಹುಡುಗನಿಗೆ ನಗು ಬಂತು. “ಜೆನಿಶಣ್ಣಂಗೆ ಮುಖ ಇದ್ಯಲ್ಲ! ಮುಖ ಇಲ್ದೋನು ಬರೋಕೆ ಶುರುವಾದಾಗ ಅಣ್ಣ ಬೆಟ್ಟದ ಮೇಲೆ ಕುರಿ ಕಾಯ್ತಿದ್ದ. ಆಮೇಲೆ ಇಳಿದು ಬಂದ. ನಾನು ರಾತ್ರಿ ಎದ್ದು ಓಡಿದ್ರೆ ಹಿಡ್ಕೊಳ್ತಿದ್ದ. ಗಟ್ಟಿಯಾಗಿ ಹಿಡ್ಕೊಳ್ತಿದ್ದ, ನೋವಾಗೋದು. ನಾನು ಅವನನ್ನೂ ಕಚ್ಚಿದೀನಿ.”

‘ಹಿಡ್ಕೊಂಡಿದ್ದೆ ಅಷ್ಟೆ ಅಕ್ಕ, ಹೊಡೆದಿಲ್ಲ.’ ಲಾಕಪ್ಪಿನಲ್ಲಿ ಜೆನಿಶ್ ಹೇಳಿದ್ದೂ ಇದೇ ಮಾತು. ಎಲ್ಲರೂ ಹೀಗೇ ಅನ್ನೋದು ಎಂದು ಅವಳು ನಕ್ಕುಬಿಟ್ಟಿದ್ದಳು.

“ಮತ್ತೆ ಬಿದ್ದ ದಿನ ಅವನ ಹೆಸರು ಯಾಕೋ ಹೇಳ್ದೆ?”

“ಹೇಳ್ಲಿಲ್ಲ, ಕೂಗ್ದೆ. ಅಣ್ಣ ಬಂದ್ರೆ ಎತ್ಕೊಳ್ತಾನೆ ಅಂತ.”

ಇಷ್ಟು ವರ್ಷ ಕಳ್ಳರ ಜತೆ, ಕುಡುಕರ ಜತೆ ತಲೆ ಚಚ್ಚಿಕೊಂಡ ಬುರುಲ್ಚಾಗೆ ಒಂದು ಮಗು ಯಾರನ್ನು ದೂರುತ್ತಿದೆ, ಯಾರನ್ನು ಕರೆಯುತ್ತಿದೆ ಎಂದು ಗೊತ್ತಾಗಲಿಲ್ಲ. ನಾಚಿಕೆಯಾಗಬೇಕು, ಆಯಿತು.

“ಮಾಡಿನ ಮೇಲೆ ನಿನ್ನ ಜತೆ ಯಾರಾದ್ರೂ ಇದ್ರಾ?”

ಹುಡುಗ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. “ಗಂಜಿ ಆರೋಯ್ತು” ಎಂದ.

*

ಡಾಕ್ಟರ್ ಕಲ್ಮುರಾತ್ ಕಿಟಕಿ ಪಕ್ಕ ನಿಂತು ಚಹಾ ಕುಡಿಯುತ್ತಿದ್ದರು. ಕೂದಲೆಲ್ಲ ನರೆತ, ಯಾರ ಮೇಲೂ ದನಿ ಏರಿಸದ ಮನುಷ್ಯ. ಒಕ್ಕಣೆಯ ಕಾಲದಲ್ಲಿ ಈ ಜಿಲ್ಲೆಯ ಅರ್ಧ ಮಕ್ಕಳ ಎದೆಗೆ ಕಿವಿಗೊಡುವುದು ಅವರ ಕೆಲಸ. ಬೀನ್ಸ್ ಕಾಳು ಬಡಿಯುವ ಯಂತ್ರಗಳು ಹೊಲಕ್ಕಿಳಿದರೆ ಸಾಕು, ಆಸ್ಪತ್ರೆಯ ಹಜಾರದಲ್ಲಿ ಕೆಮ್ಮಿನ ಸಂತೆ.

“ಕುತ್ಮಾನ್‌ಗೆ ಗುಲಾಬಿ ಮಾತ್ರೆ ಬರ್ಕೊಟ್ಟಿದ್ದು ನೀವಾ ಡಾಕ್ಟ್ರೇ?”

“ಮಾಂಟೆಲುಕಾಸ್ಟ್. ಹೌದು, ನಾನೇ. ಧೂಳಿನ ಅಲರ್ಜಿಗೆ, ಉಬ್ಬಸಕ್ಕೆ. ಯಾಕೆ?”

“ಆ ಮಾತ್ರೆ ತಿಂದ್ರೆ ಮಗು ರಾತ್ರಿ ಕಿರುಚುತ್ತಾ? ಕಚ್ಚುತ್ತಾ? ಯಾರೋ ನಿಂತಿದಾರೆ ಅಂತ ಹೆದ್ರುತ್ತಾ?”

ಡಾಕ್ಟರು ಲೋಟ ಕೆಳಗಿಟ್ಟರು. ಉತ್ತರ ಅಲ್ಲೇ ಸಿಕ್ಕಿತು.

“ಎಲ್ಲರಿಗೂ ಅಲ್ಲ ಬುರುಲ್ಚಾ. ಸಾವಿರಾರು ಮಕ್ಕಳು ತಗೊಳ್ತಾರೆ, ಉಸಿರಾಡ್ತಾರೆ, ಆಟ ಆಡ್ತಾರೆ. ಕೆಲವು ಮಕ್ಕಳಿಗೆ ಮಾತ್ರ ಮನಸ್ಸು ಕದಡುತ್ತೆ. ಕೆಟ್ಟ ಕನಸು, ಸಿಟ್ಟು, ಅಳು. ಇಲ್ಲದ್ದು ಕಣ್ಣಿಗೆ ಕಾಣುತ್ತೆ. ಒಂದೊಂದ್ಸಲ ಸಾಯೋ ಮಾತು. ಯಾವ ಮಗುಗೆ ಆಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ.”

“ಎರಡು ಮಾತ್ರೆ ಕೊಟ್ರೆ?”

“ಯಾರು ಎರಡು ಕೊಟ್ರು?”

“ಕೊಟ್ಟಿದಾರೆ ಅಂತ ಇಟ್ಕೊಳ್ಳಿ.”

“ಕೊಡಬಾರದಿತ್ತು. ಆದ್ರೆ ಎರಡು ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ನಾನು ಪ್ರಮಾಣ ಮಾಡಲಾರೆ. ಒಂದೇ ಕೊಟ್ಟಿದ್ರೂ ಆಗಬಹುದಿತ್ತು.” ಅವರು ಕಣ್ಣುಜ್ಜಿಕೊಂಡರು. “ಇಲ್ಲಿಗೆ ಬಂದ್ಮೇಲೆ ನಾನೇ ನಿಲ್ಲಿಸಿದೆ. ಇಲ್ಲಿ ಧೂಳಿಲ್ಲ, ಎದೆ ತಿಳಿಯಾಗಿದೆ. ಫ್ಲೂ ಇದೆ ಅಂತ ಮನೆಯವರನ್ನೂ ವಾರ್ಡಿಗೆ ಬಿಡ್ತಿಲ್ಲ. ಹುಡುಗ ಗೆಲುವಾಗ್ತಿದಾನೆ ಅಂತ ಖುಷಿಪಟ್ಟೆ. ಯಾಕೆ ಗೆಲುವಾದ ಅಂತ ಯೋಚ್ನೆ ಮಾಡ್ಲೇ ಇಲ್ಲ ನೋಡು.”

“ಮನೆಯವರಿಗೆ ಇದನ್ನ ಹೇಳಿದ್ರಾ?”

“ಹೇಳ್ದೆ ಇರ್ತೀನಾ! ನಿದ್ದೆ ಕೆಟ್ರೆ, ಸ್ವಭಾವ ಬದಲಾದ್ರೆ ನಿಲ್ಲಿಸಿ ಕರ್ಕೊಂಡು ಬನ್ನಿ ಅಂತ ಅವನ ತಾಯಿಗೆ ಬಿಡಿಸಿ ಹೇಳಿದ್ದೆ.”

“ಯಾವ ತಾಯಿಗೆ?”

“ಕೈ ಹಿಡ್ಕೊಂಡು ಬಂದೋಳಿಗೆ” ಎಂದರು ಡಾಕ್ಟರು. “ಅವನು ಅಮ್ಮಾ ಅಂತ ಕರೀತಿದ್ದ. ವಯಸ್ಸಾಗಿತ್ತು, ನೋಡಿದ್ರೆ ಗೊತ್ತಾಗ್ತಿತ್ತು. ಆದ್ರೆ ನೀನು ಹೆತ್ತಿದ್ದಾ, ಸಾಕಿದ್ದಾ ಅಂತ ನಮ್ಮ ಕಡೆ ಒಬ್ಬ ಹೆಂಗಸನ್ನ ಕೇಳೋಕಾಗುತ್ತಾ? ನೀನೇ ಹೇಳು. ಅಲ್ಲೇ ಎದ್ದು ಹೋಗ್ತಿದ್ರು.”

ಕೇಳಲಾಗುವುದಿಲ್ಲ. ಅದು ಬುರುಲ್ಚಾಗೂ ಗೊತ್ತು.

*

ಜೀಪು ಹತ್ತುವ ಮುಂಚೆ ಠಾಣೆಗೆ ಫೋನ್ ಮಾಡಿದಳು. ಎತ್ತಿದ್ದು ಸಾರ್ಜೆಂಟ್ ತೋಕ್ತೋಸುನ್. ಬಾಯಲ್ಲಿ ಏನೋ ಇತ್ತು.

“ಏನ್ ಮೇಯ್ತಿದ್ಯೋ?”

“ಜೆನಿಶನ ತಾಯಿ ಬೆಳಿಗ್ಗೆ ಅವನಿಗೆ ಊಟ ತಂದಿದ್ರಲ್ಲ ಅಕ್ಕ, ಬೋರ್ಸೋಕು. ಅವನು ಮುಟ್ಲಿಲ್ಲ. ಕರಿದಿದ್ದು ಹಾಳಾಗುತ್ತಲ್ಲ ಅಂತ…”

“ಕೈದಿ ಊಟಕ್ಕೂ ಕೈ ಹಾಕ್ತೀಯಲ್ಲೋ. ಅವನು ಏನ್ ಮಾಡ್ತಿದಾನೆ?”

“ಗೋಡೆ ನೋಡ್ಕೊಂಡು ಕೂತಿದಾನೆ. ನಿನ್ನೆ ಹುಡುಗಿ ಕಡೆಯವರು ಓಲೆ ವಾಪಸ್ ಕಳಿಸಿದ್ರಂತೆ. ಅದೂ ಗೊತ್ತಾಗಿದೆ.”

ನಿಶ್ಚಿತಾರ್ಥಕ್ಕೆ ಹುಡುಗಿಯ ಕಿವಿಗೆ ತೊಡಿಸಿದ ಓಲೆ ಹಿಂತಿರುಗಿ ಬಂತೆಂದರೆ ಅಲ್ಲಿಗೆ ಮುಗಿಯಿತು. ಮಗುವಿನ ಮೇಲೆ ಕೈ ಮಾಡಿದವನ ಮನೆಗೆ ಯಾರು ಮಗಳನ್ನು ಕೊಡುತ್ತಾರೆ? ಆ ಹೆಸರನ್ನು ಅವನ ಹಣೆಗೆ ಅಂಟಿಸಿದ್ದು ಬುರುಲ್ಚಾ. ಬಿಡುಗಡೆಯ ಕಾಗದಕ್ಕೆ ಅವಳು ಸಹಿ ಹಾಕಬಲ್ಲಳು, ಓಲೆಯನ್ನು ಮತ್ತೆ ಆ ಕಿವಿಗೆ ಹಾಕಿಸಲಾರಳು.

“ವ್ಯಾನ್ ಬಂದ್ರೆ ನಾನು ಹೇಳೋವರ್ಗೂ ನಿಲ್ಲಿಸ್ಕೋ. ಟೈರ್ ಪಂಕ್ಚರ್ ಅನ್ನು, ಬೀಗದ ಕೈ ಕಳೆದೋಯ್ತು ಅನ್ನು, ಏನಾದ್ರೂ ಅನ್ನು.”

“ಯಾಕಕ್ಕ, ಏನಾಯ್ತು?”

“ನಂಗೆ ಬುದ್ಧಿ ಬಂತು, ಅದಾಯ್ತು.”

*

ಜಿಪಾರಳ ಮನೆಯ ಎರಡೂ ಬದಿಯ ಹೊಲದಲ್ಲಿ ಒಕ್ಕಣೆ ಯಂತ್ರ ಗಡಗಡಿಸುತ್ತಿತ್ತು. ಬೇಲಿ, ಸೇಬಿನ ಮರ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕಂದು ಧೂಳು. ಅಂಗಳದ ಆ ತುದಿಗೆ ಹಿರಿಮಗ ಸೊಸೆಯ ಮನೆ, ಈ ತುದಿಗೆ ಅಜ್ಜಿಯದು, ನಡುವೆ ಕೊಟ್ಟಿಗೆ. ಕೊಟ್ಟಿಗೆಗೆ ಒರಗಿಸಿದ ಏಣಿ ಇನ್ನೂ ಹಾಗೇ ಇತ್ತು.

“ಬಾ ತಾಯಿ, ಬಾ. ಮೊದ್ಲು ರೊಟ್ಟಿ ಮುರಿ” ಎಂದಳು ಜಿಪಾರ್. ದಪ್ಪ ಮೈ, ಬಿಳಿ ತಲೆವಸ್ತ್ರ. ಅತ್ತತ್ತು ಕಣ್ಣಿನ ಕೆಳಗೆ ಊದಿಕೊಂಡಿತ್ತು. ಮಗನನ್ನು ಹಿಡಿದುಕೊಂಡು ಹೋದವಳಿಗೂ ರೊಟ್ಟಿ ಕೊಡದೆ ಮಾತಿಗೆ ಕೂರಿಸಬಾರದು ಎನ್ನುವ ಹೆಂಗಸು. ಬುರುಲ್ಚಾ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು.

ಕೋಣೆಯಲ್ಲಿ ಅರ್ಚಾ ಸೊಪ್ಪು ಸುಟ್ಟ ವಾಸನೆ ಗಾಢವಾಗಿತ್ತು.

“ಹೊಗೆ ಹಾಕಿದೀರಾ ದೊಡ್ಡಮ್ಮ?”

“ದಿನಾ ಹಾಕ್ತಿದ್ದೆ. ಹುಡುಗ ಹೆದರ್ಕೊಂಡಿದ್ನಲ್ಲ. ಯಾರದೋ ಕಣ್ಣು ಬಿದ್ದಿದೆ ಅಂತ ತಲೆ ಸುತ್ತ ಹೊಗೆ ಹಿಡಿದೆ. ಹಿಡಿದಷ್ಟೂ ಕೆಮ್ತಿದ್ದ. ಕೆಮ್ಮಿದಷ್ಟೂ ಮಾತ್ರೆ ಬಿಡ್ಬಾರ್ದು ಅಂದ್ಕೊಂಡೆ.”

ಬಾಗಿಲ ಬಳಿ ಸಮೋವಾರಿನ ಪಕ್ಕ ಮೇರಿಮ್ ನಿಂತು ಚಹಾ ಬಗ್ಗಿಸುತ್ತಿದ್ದಳು. ತೆಳ್ಳನೆಯ ಹೆಣ್ಣು, ಇನ್ನೂ ಮೂವತ್ತು ತುಂಬಿರಲಿಲ್ಲ. ಅತ್ತೆಯ ಎದುರು ದನಿ ತೆಗೆಯದ, ಅತಿಥಿಗೆ ಮರ್ಯಾದೆಯೆಂದು ಬಟ್ಟಲನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸದ, ಊರೆಲ್ಲ ಹೊಗಳುವ ಸೊಸೆ.

ಬುರುಲ್ಚಾ ಬಟ್ಟಲು ತೆಗೆದುಕೊಂಡು ನೇರ ವಿಷಯಕ್ಕೆ ಬಂದಳು. “ಆ ಮಾತ್ರೆ ಡಬ್ಬಿ ಇಲ್ಲಿ ತಂದಿಡಿ ದೊಡ್ಡಮ್ಮ.”

ಜಿಪಾರ್ ಎದ್ದು, ಮದುವೆಯ ಕಂಬಳಿಗಳನ್ನು ಜೋಡಿಸಿದ್ದ ಪೆಟ್ಟಿಗೆಯಿಂದ ನೀಲಿ ಡಬ್ಬಿ ತೆಗೆದು ಊಟಕ್ಕೆ ಹಾಸಿದ್ದ ದಸ್ತರ್‌ಖಾನಿನ ಮೇಲೆ ರೊಟ್ಟಿಯ ಪಕ್ಕ ಇಟ್ಟಳು.

“ಇನ್ನೊಂದು?”

“ಇನ್ನೊಂದು ಎಲ್ಲಿಂದ ಬಂತು? ಇದೊಂದೇ.”

“ನಿಮ್ಮನ್ನಲ್ಲ ಕೇಳಿದ್ದು.”

ಮೇರಿಮ್ ಅತ್ತೆಯ ಕಡೆ ನೋಡಲಿಲ್ಲ. ನಿಧಾನವಾಗಿ ಬಟ್ಟಲು ಕೆಳಗಿಟ್ಟು ಅಂಗಳ ದಾಟಿ ಹೋದಳು. ವಾಪಸು ಬಂದಾಗ ಕೈಯೆಲ್ಲ ಹಿಟ್ಟಾಗಿತ್ತು. ಹಿಟ್ಟಿನ ಮೂಟೆಯ ಹಿಂದೆ ಬಚ್ಚಿಟ್ಟಿದ್ದಳೆಂದು ಕಾಣುತ್ತದೆ. ಹಸಿರು ಡಬ್ಬಿ. ಮೇಲಿನ ಹೆಸರು ಬೇರೆ, ಕಂಪನಿ ಬೇರೆ. ಒಳಗಿನ ಗುಲಾಬಿ ಮಾತ್ರೆ ಅದೇ.

“ಇದೇನೇ ಇದು?” ಎಂದಳು ಜಿಪಾರ್.

“ಅವನ ಕೆಮ್ಮು ಕೇಳೋಕಾಗ್ತಿರ್ಲಿಲ್ಲ ಅತ್ತೆ.” ಮೇರಿಮಳ ದನಿ ಕಿವಿಗೆ ಬೀಳದಷ್ಟು ಸಣ್ಣಗಿತ್ತು. “ಅಂಗಳದ ಆಚೆಗೂ ಕೇಳಿಸ್ತಿತ್ತು. ಚಿಕ್ಕವನ ಮದುವೆಗೆ ಬಟ್ಟೆ ತರ್ತೀನಿ ಅಂತ ತಲಾಸ್‌ಗೆ ಹೋದ್ನಲ್ಲ, ಆಗ ಅಲ್ಲೊಬ್ಬ ಡಾಕ್ಟರನ್ನ ಕೇಳ್ಕೊಂಡು ತಂದೆ. ಹುಡುಗ ಎಲ್ಲಿ ಅಂದ್ರು. ಮನೇಲಿದಾನೆ ಅಂದೆ. ಬೇರೆ ಔಷಧಿ ಏನಾದ್ರೂ ಕೊಡ್ತಿದೀರಾ ಅಂದ್ರು. ಇಲ್ಲ ಅಂದೆ. ನಂಗೆ ಗೊತ್ತಿರ್ಲಿಲ್ಲ.” ಮೈದುನನ ಹೆಸರು ಹಿಡಿಯಬಾರದೆಂದು ಜೆನಿಶನನ್ನು ಅವಳು ಮದುವೆಯಾಗಿ ಬಂದಾಗಿನಿಂದ ಚಿಕ್ಕವನೆಂದೇ ಕರೆಯುತ್ತಿದ್ದಳು.

“ನನ್ನ ಒಂದು ಮಾತು ಕೇಳೋದಲ್ವೇನೇ? ನಾನು ಕೊಡಿಸ್ತಿದೀನಿ ಅಂತ ಹೇಳ್ತಿದ್ದೆ.”

“ಏನಂತ ಕೇಳ್ಲಿ? ಅವನಿಗೆ ನಾನು ಯಾರು ಅಂತ ಕೇಳ್ಲಿ? ಅತ್ತಿಗೆ ಅಂತಾನೆ ನನ್ನ. ಅವನಿಗೆ ಜ್ವರ ಬಂದ್ರೂ ನಾನು ಬಾಗಿಲಾಚೆ ನಿಂತು, ಹೇಗಿದಾನೆ ಹುಡುಗ ಅಂತ ಬೇರೆಯವರ ಮಗುನ ವಿಚಾರಿಸ್ದಂಗೆ ವಿಚಾರಿಸ್ಬೇಕು. ನೀವೇ ಕಲಿಸಿದ್ದು ಅತ್ತೆ. ಚೆನ್ನಾಗಿ ಕಲಿತೆ.”

ಅಷ್ಟು ಮಾತನ್ನು ಆ ಮನೆಯಲ್ಲಿ ಅವಳು ಯಾವತ್ತೂ ಆಡಿರಲಿಕ್ಕಿಲ್ಲ. ಆಡಿ ಮುಗಿಸಿ ತಾನೇ ಹೆದರಿ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಬುರುಲ್ಚಾ ಡಾಕ್ಟರು ಹೇಳಿದ್ದನ್ನು ಇಬ್ಬರಿಗೂ ಹೇಳಿದಳು. ಹೆಚ್ಚಿಗೆ ಸೇರಿಸಲಿಲ್ಲ, ಕಡಿಮೆಯನ್ನೂ ಮಾಡಲಿಲ್ಲ. ಕಾಲ ಬಳಿ ನಿಲ್ಲುವ ಮುಖವಿಲ್ಲದವನು ಯಾರ ಕಣ್ಣೂ ಅಲ್ಲ, ಯಾರ ಶಾಪವೂ ಅಲ್ಲ. ಕಚ್ಚಿದ್ದು ಹುಡುಗನ ಕೊಬ್ಬಲ್ಲ. ಒಂದು ಮಾತ್ರೆಗೂ ಆಗಬಹುದಿತ್ತು, ಅವನಿಗೆ ಎರಡು ಬೀಳುತ್ತಿತ್ತು. ಇಬ್ಬರೂ ಕೊಟ್ಟಿದ್ದು ಅವನು ಉಸಿರಾಡಲಿ ಎಂದೇ.

ಮೇರಿಮ್ ಗೋಡೆಗೆ ಒರಗಿದಳು. “ಅವನಿಗೆ ರುಚಿ ಅಂತ ಓಡಿ ಬರ್ತಿದ್ದ ಅಕ್ಕ. ಕೊಟ್ಟಿಗೇಲಿ ನನ್ನ ಹತ್ರ ಓಡಿ ಬರೋನು. ಆ ಒಂದು ಹೊತ್ತು ನನ್ನ ಮಗ ಅನ್ನಿಸ್ತಿದ್ದ. ಅದಕ್ಕೇ ಒಂದಿನಾನೂ ತಪ್ಪಿಸ್ಲಿಲ್ಲ.”

ಬುರುಲ್ಚಾ ಅವಳ ಮುಖ ನೋಡಲಾರದೆ ಬಟ್ಟಲಿನೊಳಗೆ ನೋಡಿದಳು. ತನ್ನ ಅತ್ತಿಗೆಯೂ ಹಾಗೆ ಯಾವುದೋ ಮೂಲೆಯಲ್ಲಿ ಏನನ್ನೋ ಕೈಗಿಟ್ಟಿರಬೇಕು. ಒಣದ್ರಾಕ್ಷಿಯೋ ಸಕ್ಕರೆಯೋ, ನೆನಪಾಗಲಿಲ್ಲ.

“ದೊಡ್ಡಮ್ಮ, ಡಾಕ್ಟರು ನಿಮಗೆ ಹೇಳಿದ್ರಂತಲ್ಲ. ಸ್ವಭಾವ ಬದಲಾದ್ರೆ ನಿಲ್ಲಿಸಿ ಅಂತ.”

“ಹೇಳಿದ್ರು.” ಜಿಪಾರ್ ನೀಲಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. “ಹೇಳಿದ್ರು ತಾಯಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹುಡುಗ ಕಿರುಚೋಕೆ ಶುರು ಮಾಡಿದಾಗ ನಾನು ಅಂದ್ಕೊಂಡಿದ್ದೇ ಬೇರೆ. ಶಾಲೆ ಶುರುವಾಯ್ತಲ್ಲ, ಅಲ್ಲಿ ಯಾರೋ ಅವನಿಗೆ ಹೇಳಿಬಿಟ್ಟಿದಾರೆ, ನಿನ್ನ ನಿಜವಾದ ಅಮ್ಮ ಅವಳು, ಇವಳಲ್ಲ ಅಂತ. ಅದಕ್ಕೇ ನನ್ನ ಮೇಲೆ ಸಿಟ್ಟು, ಅದಕ್ಕೇ ನನ್ನ ಕಚ್ತಾನೆ ಅಂದ್ಕೊಂಡೆ. ಡಾಕ್ಟರ ಹತ್ರ ಹೋದ್ರೆ ಅವರೂ ಅದನ್ನೇ ಹೇಳ್ತಾರೆ. ಹೆತ್ತೋಳ ಹತ್ರ ಬಿಡಿ ಅಂತಾರೆ. ಆ ಭಯಕ್ಕೆ ಹೋಗ್ಲಿಲ್ಲ.”

“ಅವನಿಗೆ ಯಾರೂ ಏನೂ ಹೇಳಿಲ್ಲ.”

“ಈಗ ಗೊತ್ತಾಯ್ತಲ್ಲ.” ಅವಳು ಎದೆ ಮೇಲೆ ಮೆಲ್ಲಗೆ ಗುದ್ದಿಕೊಂಡಳು. “ನನ್ನ ಕಂದ ನನ್ನ ಮೇಲಿನ ಸಿಟ್ಟಿಗೆ ಮಾಡ್ತಿಲ್ಲ ಅಂತ ಗೊತ್ತಿದ್ರೆ ಅವತ್ತು ನಾನು ಆ ಮಾತು ಆಡ್ತಿರ್ಲಿಲ್ಲ… ಬೆಟ್ಟದ ಕಡೆ ಮುಖ ಮಾಡ್ಕೊಂಡು ನಿಂತಿದ್ದ. ಎಷ್ಟು ಕರೆದ್ರೂ ನನ್ನ ಕಡೆ ತಿರುಗ್ಲೇ ಇಲ್ಲ.”

ಅಳು ಅವಳ ಮಾತನ್ನು ನುಂಗಿತು. ಮೇರಿಮ್ ಅವಳಿಗೆ ನೀರು ಕೊಟ್ಟಳು. ಯಂತ್ರದ ಸದ್ದು ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು.

ಬುರುಲ್ಚಾ ಆಗ ಜೆನಿಶನ ಯೋಚನೆಯಲ್ಲಿದ್ದಳು. ಎದ್ದು ಕಿಟಕಿಯ ಬಳಿ ಹೋಗಿ ಠಾಣೆಗೆ ಫೋನ್ ಹಚ್ಚಿದಳು. “ತೋಕ್ತೋಸುನ್, ವ್ಯಾನನ್ನ ಖಾಲಿ ಕಳಿಸು. ಜೆನಿಶನ ಬೆಲ್ಟು, ಬೂಟಿನ ದಾರ ವಾಪಸ್ ಕೊಡು. ನಾನೇ ಬಂದು ಅವನ ಹತ್ರ ಕ್ಷಮೆ ಕೇಳ್ತೀನಿ.”

“ಕೇಳಿಸ್ತು ಅಕ್ಕ. ಆದ್ರೆ ನಾನೇ ಫೋನ್ ಮಾಡೋಣ ಅಂತಿದ್ದೆ.” ಈ ಸಲ ತೋಕ್ತೋಸುನನ ಬಾಯಲ್ಲಿ ಏನೂ ಇರಲಿಲ್ಲ. “ಅವನು ಒಪ್ಕೊಂಡ. ಮಾಡಿನ ಮೇಲೆ ನಾನೇ ಇದ್ದೆ, ನಾನೇ ತಳ್ಳಿದೆ ಅಂದ. ನಮ್ಮ ಠಾಣೆ ಮೇಜರ್ ಸಾಹೇಬರ ಎದುರಿಗೇ ಹೇಳಿದಾನೆ. ಈಗ ಬಿಡು ಅಂದ್ರೆ ಅವರು ಬಿಡಲ್ಲ.”

“ಹೊಡೆದ್ರೇನೋ?”

“ಅಯ್ಯೋ ದೇವರಾಣೆಗೂ ಇಲ್ಲ. ಯಾರೂ ಅವನ ಹತ್ರ ಹೋಗಿಲ್ಲ. ಬೆಳಿಗ್ಗೆ ಅವರಮ್ಮ ಬಂದು ಹೋದಾಗಿಂದ ಗೋಡೆ ನೋಡ್ತಾ ಇದ್ದ. ಈಗ ತಾನಾಗೇ ಬಾಗಿಲು ತಟ್ಟಿ ಕರೆದು ಹೇಳಿದ.”

ಫೋನನ್ನು ಜೇಬಿಗಿಟ್ಟು ಬುರುಲ್ಚಾ ತಿರುಗಿದಳು. ತಗಡಿನ ಮಾಡು ಆ ಕಿಟಕಿಯಿಂದ ಅರ್ಧ ಮಾತ್ರ ಕಾಣುತ್ತಿತ್ತು. ಬೆಟ್ಟದ ಕಡೆಯ ಅಂಚು ಕಾಣುತ್ತಲೇ ಇರಲಿಲ್ಲ. ಅಂಗಳದಲ್ಲಿ ಎಲ್ಲಿ ನಿಂತರೂ ಕಾಣದು, ಮೊದಲ ದಿನವೇ ಅವಳು ಸುತ್ತ ನಡೆದು ನೋಡಿದ್ದಳು.

“ಜೆನಿಶ್ ಒಪ್ಕೊಂಡಿದಾನೆ ದೊಡ್ಡಮ್ಮ. ತಾನೇ ತಳ್ಳಿದ್ದು ಅಂತ.”

ಜಿಪಾರಳ ಕೈಯಿಂದ ನೀರಿನ ಬಟ್ಟಲು ಜಾರಿ ರೊಟ್ಟಿಯ ಮೇಲೆ ಚೆಲ್ಲಿತು. ಯಾರೂ ಅದನ್ನು ಎತ್ತಲಿಲ್ಲ.

“ಬೆಳಗಿನ ಜಾವ ಬಿದ್ದ ಸದ್ದಿಗೆ ಎಚ್ಚರವಾಗಿ ಹೊರಗೆ ಓಡಿಬಂದೆ ಅಂತ ನೀವು ನನಗೆ ಹೇಳಿದ್ರಿ” ಎಂದಳು ಬುರುಲ್ಚಾ. “ಮತ್ತೆ ಅವನು ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದು ನಿಮಗೆ ಹೇಗೆ ಗೊತ್ತು?”

ಮುದುಕಿ ಒದ್ದೆಯಾದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಬೆಳಿಗ್ಗೆ ನಾನು ಅವನನ್ನ ಏನೂ ಕೇಳ್ಕೊಳ್ಳಲಿಲ್ಲ ತಾಯಿ. ಕಂಬಿ ಹಿಡ್ಕೊಂಡು ಅತ್ತುಬಿಟ್ಟೆ ಅಷ್ಟೆ. ನನ್ನ ಮಗ, ಅವನಿಗೆ ಅಷ್ಟೇ ಸಾಕಾಯ್ತು.” ಅವಳು ತಲೆಯೆತ್ತಿದಳು. “ಜೆನಿಶ್ ಆ ಹೊತ್ತಲ್ಲಿ ಹೊಲದಲ್ಲಿ ನೀರು ಕಟ್ತಿದ್ದ. ಮೇಲಿದ್ದೋಳು ನಾನು.”

“ಮೇಲೆ ಏನಾಯ್ತು?”

ಜಿಪಾರ್ ಬಾಯಿ ತೆರೆದಳು.

“ಬೇಡ.”

ಹೇಳಿದ್ದು ಮೇರಿಮ್. ಹಿರಿಯರ ನಡುವೆ ಎಂದೂ ಕೂರದ ಸೊಸೆ ಅತ್ತೆಯ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕುಳಿತು, ಅವಳ ಒದ್ದೆ ಕೈಯನ್ನು ತನ್ನ ಹಿಟ್ಟು ಮೆತ್ತಿದ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಹೇಳ್ಬೇಡಿ ಅತ್ತೆ. ನಾನು ಹಾಲು ಕರೀತಿದ್ದೆ, ಕೆಳಗೇ ಇದ್ದೆ. ನೀವು ಸಿಟ್ಟಲ್ಲಿ ಅವನಿಗೆ ಏನಂದ್ರಿ ಅಂತ ನಂಗೆ ಕೇಳಿಸಿದೆ. ಆ ಮಾತು ನಮ್ಮಿಬ್ಬರಲ್ಲೇ ಇರ್ಲಿ.”